ಮೈಕಿಲ್ಲದ ಶಿಲುಬೆ ಹಾದಿ: ಗುಡ್ಡದ ಮೇಲೆ ನಾವು ಮಾಡಿದ ರೀತಿ

ಯೇಸುವಿಗೆ ಮರಣದಂಡನೆಯಾದಲ್ಲಿಂದ ಸಮಾಧಿಯವರೆಗಿನ ಘಟನೆಗಳನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುತ್ತಾ ಶಿಲುಬೆ ಹೊತ್ತು ನಡೆಯುವುದೇ ಶಿಲುಬೆ ಹಾದಿ. ಅದನ್ನು ಮೈಕಿಲ್ಲದೆ, ಪ್ರಸಂಗವಿಲ್ಲದೆ ಮಾಡಿದರೆ ಐದನೇ ಸ್ಥಳಕ್ಕೇ ಜನ ಚದುರುತ್ತಾರೆ ಎಂದವರೇ ಹೆಚ್ಚು. ನಾಲ್ಕು ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಕಳೆಯಿತು. ಶುಭ ಶುಕ್ರವಾರ (ಗುಡ್ ಫ್ರೈಡೇ) ಬೆಳಗಿನ ಜಾವ ಐದಕ್ಕೆ ಗುಡ್ಡದ ಬುಡದಲ್ಲಿ ಸುಮಾರು 150 ಜನ ಸೇರುತ್ತಾರೆ. ಸಮಾಧಿಯ ಸ್ಥಳದಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಇರುತ್ತಾರೆ. ಅಕ್ಕಪಕ್ಕದ ಮೂರು ಧರ್ಮಕೇಂದ್ರದವರು (ಚರ್ಚಿನವರು) ಬಂದು ನೋಡಿಕೊಂಡು ಹೋಗಿದ್ದಾರೆ.

ಅದಕ್ಕೂ ಮುಂಚೆ, ಮೈಕಿಟ್ಟು ಮಾಡಿದ ಮೊದಲ ವರ್ಷ, ಸುಮಾರು 30,000 ರೂಪಾಯಿ ಕೈಬಿಟ್ಟಿತು. ಜನರೇಟರ್, ಹಾರ್ನ್, ಫ್ಲೆಕ್ಸ್. ಅಷ್ಟು ಸುರಿದೂ ಎರಡು ಮುಕ್ಕಾಲು ಗಂಟೆ ಎಳೆಯಿತು, ಪ್ರತಿ ಸ್ಥಳದಲ್ಲೂ ಎಂಟು ಹತ್ತು ನಿಮಿಷದ ಮಾತು. ಹಿಂದಿನ ಸಾಲಿನವರು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಹದಿನಾಲ್ಕು ಫೈಬರ್ ಪ್ರತಿಮೆಗೆ ತಲಾ 9,000 ಎಂದು ಬೆಲೆ ಬಂದಿತ್ತು, ಬೇಡವೆಂದೆವು. ಚಿತ್ರ, ಪ್ರತಿಮೆ ಇರಲೇಬೇಕೆಂಬ ಕಟ್ಟಳೆ ಇಲ್ಲ, ಆಶೀರ್ವದಿಸಿದ ಹದಿನಾಲ್ಕು ಮರದ ಶಿಲುಬೆ ಸಾಕು. ಉಳಿಕೆ ಮರದಲ್ಲೇ ತಲಾ 150ಕ್ಕೆ ಮಾಡಿಸಿದೆವು.

ದುಡ್ಡು ಹಾಕಬೇಕಾದದ್ದು ಹೊರುವ ಶಿಲುಬೆಗೆ. ಮೊದಲು ಪ್ಲೈವುಡ್‌ನಲ್ಲಿ ಪೊಳ್ಳಾಗಿ ಮಾಡಿಸಿದ್ದು ಎಂಟು ಕಿಲೋ ಇತ್ತೇನೋ. ಯಾರ ಹೆಗಲೂ ಬಾಗಲಿಲ್ಲ. ನೀಲಗಿರಿ ಮರದ್ದು 40 ಕಿಲೋ ದಾಟಿತು, ಏರಿನಲ್ಲಿ ಅಪಾಯ. ಈಗಿರುವುದು ಒಣಗಿದ ಸಿಲ್ವರ್ ಓಕ್: ಉದ್ದ 10 ಅಡಿ, ಅಡ್ಡ 6 ಅಡಿ, ನಾಲ್ಕಿಂಚು ಚೌಕ, ತೂಕ 28 ಕಿಲೋ ಆಸುಪಾಸು. ಮರಕ್ಕೆ 4,500, ಬಡಗಿಗೆ 1,800. ಸಂದಿಗೆ ಮೊಳೆ ಹೊಡೆಯಬೇಡಿ, ನಾಲ್ಕನೇ ಸ್ಥಳಕ್ಕೇ ಅಲ್ಲಾಡತೊಡಗುತ್ತದೆ. ಎರಡೂ ಮರಕ್ಕೆ ಅರ್ಧರ್ಧ ದಪ್ಪ ಕಚ್ಚು ಹಾಕಿಸಿ ಬೋಲ್ಟ್ ಬಿಗಿಸಿ. ಕೆಳತುದಿಗೆ ಒಮ್ಮೆ ಚಕ್ರ ಕೂರಿಸಿದ್ದೆವು, ಅದು ದೊಡ್ಡ ತಪ್ಪು. ಮರ ಕಲ್ಲಿನ ಮೇಲೆ ಉಜ್ಜಿಕೊಂಡು ಬರುವ ಆ ಗರಗರ ಸದ್ದೇ ಕತ್ತಲಲ್ಲಿ ಕೊನೆಯ ಸಾಲಿನವರಿಗೂ ಯೇಸುಸ್ವಾಮಿಯ ನಡಿಗೆಯನ್ನು ಮುಟ್ಟಿಸುತ್ತದೆ. ಸದ್ದು ನಿಂತರೆ ಜನವೂ ತಾವಾಗಿ ನಿಲ್ಲುತ್ತಾರೆ, ಯಾರೂ ಹೇಳಬೇಕಾಗಿಲ್ಲ.

ಧ್ಯಾನದ ಮಾತು ಒಂದು ಸ್ಥಳಕ್ಕೆ ಮೂರ್ನಾಲ್ಕು ವಾಕ್ಯ ಮೀರಬಾರದು. ಯೇಸುವಿನ ಬಟ್ಟೆ ಕಳಚುವ ಹತ್ತನೆಯದಕ್ಕೆ ನಾವು ಓದುವುದು ಇಷ್ಟೇ: "ಬಟ್ಟೆ ಗಾಯಕ್ಕೆ ಅಂಟಿಕೊಂಡಿದೆ. ಎಳೆದಾಗ ಒಣಗಿದ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಸ್ವಾಮಿ ಸುಮ್ಮನಿದ್ದಾರೆ." ಹಳೆಯ ಪ್ರತಿಯಲ್ಲಿ ಇದೇ ಜಾಗದಲ್ಲಿ ಸಮಾಜದ ಅವನತಿಯ ಮೇಲೆ ಒಂದು ಪುಟವಿತ್ತು. ಅದನ್ನು ಓದುವಾಗ ಜನ ಪಕ್ಕದವರನ್ನು ನೆನೆಯುತ್ತಿದ್ದರೇ ಹೊರತು ಯೇಸುವನ್ನಲ್ಲ. ಓದಿದ ಮೇಲೆ ಒಂದೂವರೆ ನಿಮಿಷ ಮೌನ. ಮುಂದಾಳು ಗಡಿಯಾರ ನೋಡಕೂಡದು. ಮನಸ್ಸಿನಲ್ಲೇ ನಿಧಾನವಾಗಿ ಮೂರು ಪರಲೋಕ ಮಂತ್ರ (“ಪರಲೋಕದಲ್ಲಿರುವ ನಮ್ಮ ತಂದೆಯೇ” ಪ್ರಾರ್ಥನೆ) ಹೇಳಿದರೆ ಲೆಕ್ಕ ಸರಿಹೋಗುತ್ತದೆ. ಯೇಸು ಪ್ರಾಣಬಿಡುವ ಹನ್ನೆರಡನೆಯದರಲ್ಲಿ ಎಲ್ಲರೂ ಮೊಣಕಾಲೂರಿ ಇದರ ಎರಡರಷ್ಟು ಮೌನ. ನಾಲ್ಕರಲ್ಲಿ, ತಾಯಿ ಎದುರಾಗುವಲ್ಲಿ, ಹಾಡು ಖಂಡಿತ ಬೇಡ. ಅಳು ಬರುವುದೇ ಅಲ್ಲಿ, ಹಾಡು ಅದನ್ನು ಮುಚ್ಚಿಬಿಡುತ್ತದೆ.

ಸ್ಥಳಗಳ ನಡುವಿನ ಅಂತರ ಎಲ್ಲಕ್ಕೂ ಒಂದೇ ಇಟ್ಟರೆ ನಡಿಗೆ ಮೆರವಣಿಗೆಯಾಗುತ್ತದೆ. ಏಳು ಮತ್ತು ಒಂಬತ್ತು, ಅಂದರೆ ಎರಡನೇ ಮೂರನೇ ಬೀಳುಗಳು, ಕಡಿದಾದ ಏರಿನಲ್ಲೇ ಬರಲಿ. ಉಸಿರು ಕಟ್ಟಿದವನಿಗೆ ಬೀಳುವುದೇನೆಂದು ವಿವರಿಸಬೇಕಿಲ್ಲ. ಹತ್ತರಿಂದ ಹದಿನಾಲ್ಕರವರೆಗಿನ ಐದೂ ಸ್ಥಳಗಳು ಇಪ್ಪತ್ತು ಹೆಜ್ಜೆಯೊಳಗೆ ಇರಲಿ. ಜೆರುಸಲೇಮಿನಲ್ಲೂ ಕೊನೆಯ ಐದು ಪವಿತ್ರ ಸಮಾಧಿಯ ದೇವಾಲಯದೊಳಗೇ ಇವೆ. ಒಟ್ಟು ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಬೆಳಕಿಗೆ ಕಾಗದದ ಲೋಟದಲ್ಲಿ ಮೇಣದ ಬತ್ತಿ ಹಿಡಿಸಿದ್ದೆವು, ಗಾಳಿಗೆ ಎರಡು ಲೋಟ ಹೊತ್ತಿಕೊಂಡವು. ಈಗ ತೆಂಗಿನ ಚಿಪ್ಪು, ಕಣ್ಣಿನ ಜಾಗದಲ್ಲಿ ತೂತು, ಬತ್ತಿ ಅಲ್ಲಿಂದ ಕೆಳಗಿಳಿಯುತ್ತದೆ, ಮೇಣ ಕೈಗೆ ಸುರಿಯುವುದಿಲ್ಲ. ಒಣಹುಲ್ಲಿನ ಕಾಲವಾದ್ದರಿಂದ ಎರಡು ದಿನ ಮೊದಲೇ ದಾರಿಯ ಎರಡೂ ಬದಿ ಸವರಿಸಿ, ಐದು, ಒಂಬತ್ತು, ಹನ್ನೆರಡರಲ್ಲಿ ನೀರಿನ ಕೊಡ ಇಡಿ. ಹುಲ್ಲಿನ ಕೂಲಿ 2,800, ಬತ್ತಿ 1,200. ವರ್ಷದ ಖರ್ಚು ಬಹುತೇಕ ಇಷ್ಟೇ. ಮೈಕಿಲ್ಲದ ಓದು 120 ಜನಕ್ಕೆ ಚೆನ್ನಾಗಿ ಕೇಳುತ್ತದೆ, ಓದುವವರು ಏರಿನ ಮೇಲ್ಬದಿ ನಿಂತರೆ 150. ಅದಕ್ಕಿಂತ ಹೆಚ್ಚಾದರೆ ಎರಡು ತಂಡ, ನಡುವೆ ಇಪ್ಪತ್ತು ನಿಮಿಷ.

ವೆರೋನಿಕಾ ಎಂಬಾಕೆ ಯೇಸುವಿನ ಮುಖ ಒರೆಸುವ ಆರನೇ ಸ್ಥಳದಲ್ಲಿ ಒದ್ದೆ ಬಿಳಿ ಬಟ್ಟೆಯನ್ನು ಎಲ್ಲರ ಕೈಗೂ ದಾಟಿಸಿ ನೋಡಿದೆವು. ಇಪ್ಪತ್ತು ನಿಮಿಷ ಹಿಡಿಯಿತು, ಧ್ಯಾನ ಕೆಟ್ಟಿತು. ಈಗ ಒಬ್ಬ ತಾಯಿ ಅದನ್ನು ಅಂಗೈ ಮೇಲೆ ಹಿಡಿದು ಏಳನೇ ಸ್ಥಳದವರೆಗೆ ಶಿಲುಬೆಯ ಪಕ್ಕದಲ್ಲೇ ನಡೆಯುತ್ತಾರೆ. 1991ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) ರೋಮಿನ ಕೊಲೊಸಿಯಮ್ಮಿನಲ್ಲಿ ನಡೆಸಿದ ಬೈಬಲಿನ ಶುಭಸಂದೇಶಗಳಲ್ಲಿ ಇರುವ ಘಟನೆಗಳನ್ನಷ್ಟೇ ಆಧರಿಸಿದ ಬೇರೆ ಹದಿನಾಲ್ಕು ಸ್ಥಳಗಳನ್ನೂ ಒಂದು ಶುಕ್ರವಾರ ಯುವಕರಿಗೆ ಮಾಡಿಸಿದೆವು. ಶಿಷ್ಯ ಪೇತ್ರ ಯೇಸುವನ್ನು ಅರಿಯೆನೆಂದು ನಿರಾಕರಿಸುವ ಸ್ಥಳದಲ್ಲಿ ಅವರು ಗಟ್ಟಿಯಾಗಿ ನಿಂತುಬಿಟ್ಟರು. ಹಿರಿಯರಿಗೆ ಮಾತ್ರ ವೆರೋನಿಕಾ, ಮೂರು ಬೀಳುಗಳು ಇಲ್ಲದೆ ಮನಸ್ಸು ಒಪ್ಪಲಿಲ್ಲ. ಎರಡನ್ನೂ ಉಳಿಸಿಕೊಂಡಿದ್ದೇವೆ, ಬೇರೆ ಬೇರೆ ಶುಕ್ರವಾರಕ್ಕೆ.

ಯೇಸುವನ್ನು ಶಿಲುಬೆಗೆ ಜಡಿಯುವ ಹನ್ನೊಂದರ ಮೊಳೆ ಸದ್ದನ್ನು ಧ್ವನಿಮುದ್ರಿಸಿ ಹಾಕಿದಾಗ ಮಕ್ಕಳು ಬೆಚ್ಚಿದರು, ದೊಡ್ಡವರಿಗೆ ಸಿನಿಮಾ ನೋಡಿದಂತಾಯಿತು. ಈಗ ಹಲಸಿನ ದಿಮ್ಮಿಗೆ ಆರಿಂಚಿನ ಮೊಳೆ, ಮೂರೇ ಏಟು, ಏಟಿನ ನಡುವೆ ಒಂದು ಉಸಿರು. ದಿಮ್ಮಿಯ ಕೆಳಗೆ ಏನಿಡುತ್ತೇವೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಸದ್ದು ಎದೆಗೆ ತಾಗುವುದು ಅದರಿಂದಲೇ.

ಮುಗಿದ ಮೇಲೆ ಶಿಲುಬೆಗೆ ಅಗಸೆ ಎಣ್ಣೆ ಸವರಿ, ಗೆದ್ದಲು ಹತ್ತದಂತೆ ನೆಲ ತಾಗಿಸದೆ ಅಡ್ಡಡ್ಡ ತೂಗುಹಾಕಿ. ಕೆಳತುದಿ ನಾಲ್ಕು ವರ್ಷಕ್ಕೆ ಎರಡಿಂಚು ಸವೆದು ಓರೆಯಾಗಿದೆ. ಬಡಗಿ ಕತ್ತರಿಸಿ ಸಮ ಮಾಡಿಕೊಡುತ್ತೇನೆಂದರು, ನಾವು ಮುಟ್ಟಗೊಡಲಿಲ್ಲ.