ಹಳೇ ಡೀಸೆಲ್ ವ್ಯಾನು: ಎಂಜಿನ್ ಬಿಚ್ಚಿಸದೆ ವರ್ಷಗಟ್ಟಲೆ ಓಡಿಸುವುದು ಹೇಗೆ?

ಪುಣೆಯಲ್ಲಿ ಕೇಟರಿಂಗ್, ಬೇಕರಿ, ತರಕಾರಿ ಸಪ್ಲೈ ಎಂದು ದುಡಿಯುವ ನಮ್ಮವರು ಹೊಸ ಗಾಡಿಗೆ ಕೈಹಾಕುವುದು ಕಡಿಮೆ. ಕಂತಿನ ತಲೆನೋವು ಯಾಕೆ ಎಂದು ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಟಾಟಾ ವಿಂಗರನ್ನೋ ಫೋರ್ಸ್ ಟ್ರಾವೆಲರನ್ನೋ ತರುತ್ತಾರೆ. ಲೆಕ್ಕಾಚಾರ ಸರಿಯಾಗಿಯೇ ಇದೆ. ಟಾಟಾ ಕಾರ್ಖಾನೆ ಪಿಂಪ್ರಿಯಲ್ಲಿ, ಫೋರ್ಸ್ ಆಕುರ್ಡಿಯಲ್ಲಿ. ನಾನಾ ಪೇಠೆಯ ಅಂಗಡಿ ಸಾಲಿನಲ್ಲಿ ಹುಡುಕಿದರೆ ಸಾಮಾನು ಸಿಕ್ಕೇ ಸಿಗುತ್ತದೆ. ಆದರೂ ಮೊದಲ ಬೇಸಿಗೆ ಕಳೆಯುವುದರೊಳಗೆ ಇಂಥ ಎಷ್ಟೋ ಗಾಡಿಗಳು ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿಕೊಂಡು ಭೋಸರಿಯ ಯಾವುದೋ ಗ್ಯಾರೇಜಿನಲ್ಲಿ ಬಿದ್ದಿರುತ್ತವೆ. ಕಿಲೋಮೀಟರ್ ಹೆಚ್ಚಾಗಿ ಸತ್ತ ಡೀಸೆಲ್ ಎಂಜಿನ್ ಅಪರೂಪ, ಕಾದು ಸತ್ತವೇ ಹೆಚ್ಚು. ಅದಕ್ಕೇ ಇಲ್ಲಿ ಅರ್ಧ ಜಾಗ ಎಂಜಿನ್ ತಣ್ಣಗಿಡುವ ಕೂಲಂಟಿಗೆ ಹೋಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

1. ಗಾಡಿ ತಂದ ವಾರದಲ್ಲೇ

ಮಾರಿದವನು “ಮೊನ್ನೆಯಷ್ಟೇ ಸರ್ವಿಸ್ ಮಾಡಿಸಿದ್ದು” ಎಂದರೆ ತಲೆಯಾಡಿಸಿ, ನಂಬಬೇಡಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗೇರ್ ಆಯಿಲ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ, ಅಂದಿನ ಕಿಲೋಮೀಟರ್ ಒಂದು ವಹಿಯಲ್ಲಿ ಬರೆದಿಡಿ. ಎಂಜಿನ್ನಿಗೆ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದ್ದು, ಅದನ್ನು ಯಾವಾಗ ಬದಲಿಸಿದ್ದೆಂಬ ಬಿಲ್ ಇಲ್ಲದಿದ್ದರೆ ಅದನ್ನೂ ಹಾಕಿಸಿಬಿಡಿ. ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಆಗ ಬರುವ ಬಿಲ್ಲು ಗಾಡಿಯ ಬೆಲೆಯನ್ನೇ ಮುಟ್ಟಬಹುದು.

2. ಕೂಲಂಟ್: ಎಲ್ಲರೂ ಎಡವುವ ಜಾಗ

“ಸಾಧಂ ಪಾಣಿ ಟಾಕಾ, ಕಾಹಿ ಹೋತ್ ನಾಹಿ” — ಸಾದಾ ನೀರು ಹಾಕಿ, ಏನೂ ಆಗಲ್ಲ. ರಸ್ತೆ ಬದಿಯ ಮಿಸ್ತ್ರಿ ಇಷ್ಟು ಹೇಳಿ ನಲ್ಲಿ ಪೈಪು ಹಿಡಿದುಬಿಡುತ್ತಾನೆ. ಅಂದು ಏನೂ ಆಗುವುದಿಲ್ಲ ನಿಜ. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು 120ರ ಹತ್ತಿರದವರೆಗೆ ತಾಳುತ್ತದೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ 129ರ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಭರ್ತಿ ಲೋಡಿನಲ್ಲಿ ಖಂಬಾಟ್ಕಿ ಘಾಟ್ ಹತ್ತುವಾಗ ಗಾಡಿಯನ್ನು ಉಳಿಸುವುದು ಈ ಅಂತರವೇ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿರುವುದು ಸುಣ್ಣ. ಅದು ಎಂಜಿನ್ ಬ್ಲಾಕಿನ ಸಂದಿಗಳಲ್ಲಿ ಗಟ್ಟಿಯಾಗಿ ಕೂತು ನೀರಿನ ದಾರಿಯನ್ನೇ ಕಟ್ಟುತ್ತದೆ.

ಕೆಲಸ ಶುರುಮಾಡುವುದು ರಾತ್ರಿಯಿಡೀ ನಿಂತು ಆರಿದ ಗಾಡಿಯಲ್ಲಿ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಮೇಲೆ ಒದ್ದೆ ಬಟ್ಟೆ ಹಾಕಿ ತಿರುಗಿಸುವ ಶೂರತನವೂ ಬೇಡ. ಹೀಟರ್ ಇದ್ದರೆ ಅದರ ನಾಬ್ ಪೂರ್ತಿ ಬಿಸಿಯ ಕಡೆಗಿರಲಿ, ಇಲ್ಲವಾದರೆ ಅಲ್ಲಿರುವ ಹಳೇ ನೀರು ಅಲ್ಲೇ ಉಳಿಯುತ್ತದೆ. ಕೆಳಗೆ ಟಬ್ ಇಟ್ಟು ರೇಡಿಯೇಟರಿನ ಡ್ರೇನ್ ಪ್ಲಗ್ ಬಿಚ್ಚಿ. ಪ್ಲಾಸ್ಟಿಕ್ ಪ್ಲಗ್ ಬಿಗಿದುಕೊಂಡಿದ್ದರೆ ಪಕ್ಕಡ್ (ಇಕ್ಕಳ) ಹಾಕಿ ಜಗ್ಗಬೇಡಿ, ಮುರಿಯುತ್ತದೆ. ಕೆಳಗಿನ ಹೋಸ್ ಪೈಪಿನ ಕ್ಲಿಪ್ಪು ಸಡಿಲಿಸಿದರೂ ಆಯಿತು.

ಟಬ್ಬಿಗೆ ಬಿದ್ದದ್ದನ್ನು ಚೆಲ್ಲುವ ಮುಂಚೆ ನೋಡಿ. ಹಸಿರೋ ಗುಲಾಬಿಯೋ ಇದ್ದು ತಿಳಿಯಾಗಿದ್ದರೆ ಹಿಂದಿನ ಮಾಲೀಕ ಒಳ್ಳೆಯವನು. ಇಟ್ಟಿಗೆ ಬಣ್ಣ ಇದ್ದರೆ ಇಷ್ಟು ದಿನ ನೀರಲ್ಲೇ ಓಡಿಸಿದ್ದಾನೆ. ಮೇಲೆ ಎಣ್ಣೆ ಪದರ ತೇಲುತ್ತಿದ್ದರೆ ಮುಂದಿನ ಕೆಲಸ ನಿಲ್ಲಿಸಿ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರುತ್ತಿರಬಹುದು, ಅನುಭವಿ ಮಿಸ್ತ್ರಿಗೆ ತೋರಿಸಿ. ಹಳೇ ಕೂಲಂಟನ್ನು ಚರಂಡಿ ಬದಿಗೆ ಸುರಿಯಲೇಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಕ್ಯಾನಿಗೆ ತುಂಬಿ ಮುಚ್ಚಿಡಿ.

ಇನ್ನು ತೊಳೆಯುವುದು. ಶುದ್ಧ ನೀರು ತುಂಬಿ, ಎಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ (ಕಾವೇರಿದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆರೆಯುವವರೆಗೆ ಓಡಿಸಿ, ಪೂರ್ತಿ ಆರಿಸಿ, ಖಾಲಿ ಮಾಡಿ. ತಿಳಿನೀರು ಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಅರ್ಧ ದಿನ ಹೋಗುತ್ತದೆ, ಹೋಗಲಿ. ಬೇಗ ಮುಗಿಯಲೆಂದು ಪಾಯಿಖಾನೆ ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಅದು ತುಕ್ಕಿನ ಜೊತೆ ಅಲ್ಯೂಮಿನಿಯಂ ಹೆಡ್ಡನ್ನೂ ತಿನ್ನುತ್ತದೆ. ಕೊನೆಯ ಸಲ ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆಯಿರಿ.

ಅದೇ ಹೊತ್ತಿಗೆ ಹೋಸ್ ಪೈಪುಗಳನ್ನು ಬೆರಳಲ್ಲಿ ಅದುಮಿ ನೋಡಿ. ಮೆತ್ತಗೆ ಉಬ್ಬಿದ್ದರೂ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಬದಲಿಸಿ. ಮುಚ್ಚಳದ ರಬ್ಬರ್ ಹೋಗಿದ್ದರೆ ಒತ್ತಡ ನಿಲ್ಲುವುದಿಲ್ಲ, ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗು. ಹಳೇ ಮುಚ್ಚಳದ ಮೇಲೆ ಅಚ್ಚಾದ ಒತ್ತಡದ ಅಂಕಿಗೇ ಹೊಂದುವ ಹೊಸದು ತನ್ನಿ. ದುಡ್ಡು ಹೆಚ್ಚೇನೂ ಆಗುವುದಿಲ್ಲ.

ಥರ್ಮೋಸ್ಟ್ಯಾಟಿನ ಬಗ್ಗೆ ಸಿಟ್ಟಿನಿಂದಲೇ ಬರೆಯಬೇಕಾಗಿದೆ. ಗಾಡಿ ಬಿಸಿಯಾದರೆ ಅದನ್ನು ಕಿತ್ತು ಬಿಸಾಡುವುದು ನಮ್ಮ ಕಡೆಯ ಖಾಯಂ ಚಿಕಿತ್ಸೆ. ಅದು ಇಲ್ಲದಿದ್ದರೆ ಎಂಜಿನ್ ಸರಿಯಾದ ಕಾವಿಗೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬೈಪಾಸ್ ದಾರಿಯನ್ನು ಥರ್ಮೋಸ್ಟ್ಯಾಟೇ ಮುಚ್ಚುವ ಎಂಜಿನ್ನುಗಳಲ್ಲಂತೂ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತದೆ, ಘಾಟಿನಲ್ಲಿ ಇನ್ನಷ್ಟು ಕಾಯುತ್ತದೆ. ನಿಮ್ಮದು ಕೆಟ್ಟಿದೆಯೇ ಎಂದು ತಿಳಿಯಲು ಹಳೇ ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿ ಒಳಗೆ ಬಿಡಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಹತ್ತಿರ ನಿಧಾನವಾಗಿ ಬಾಯಿ ತೆರೆಯಬೇಕು, ಆರಿದಾಗ ಮುಚ್ಚಬೇಕು.

ತುಂಬುವಾಗ ಬಹುಪಾಲು ಜನ ಒಂದು ಲೆಕ್ಕ ತಪ್ಪುತ್ತಾರೆ. ರೇಡಿಯೇಟರ್ ಖಾಲಿಯಾದರೂ ತೊಳೆದ ನೀರು ಬ್ಲಾಕಿನೊಳಗೆ ಲೀಟರುಗಟ್ಟಲೆ ಉಳಿದಿರುತ್ತದೆ. ಅದರ ಮೇಲೆ ಮೊದಲೇ ಬೆರೆಸಿಟ್ಟ ರೆಡಿಮಿಕ್ಸ್ ಸುರಿದರೆ ಅರ್ಧಕ್ಕರ್ಧ ಇರಬೇಕಾದದ್ದು ಕಾಲು ಭಾಗಕ್ಕೆ ಇಳಿಯಬಹುದು. ಆದ್ದರಿಂದ ತೊಳೆದ ಗಾಡಿಗೆ ನೀರು ಬೆರೆಸದ ಕಾನ್ಸಂಟ್ರೇಟನ್ನೇ ತನ್ನಿ. ಗಾಡಿಯ ಪುಸ್ತಕದಲ್ಲಿ ಒಟ್ಟು 9 ಲೀಟರ್ ಎಂದಿದ್ದರೆ ಮೊದಲು ನಾಲ್ಕೂವರೆ ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತುಂಬಿ. ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯ ಇಷ್ಟ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಜಾತಿಯ ಕೂಲಂಟ್ ಬರುತ್ತದೆ. ಪುಸ್ತಕದಲ್ಲಿ ಬರೆದ ದರ್ಜೆಯದನ್ನೇ ಕೇಳಿ. ಹೆಸರಿಲ್ಲದ ಕ್ಯಾನಿನಲ್ಲಿ ಬಿಡಿಯಾಗಿ ಮಾರುವ ಹಸಿರು ನೀರನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಆಮೇಲೆ ಗಾಳಿ ತೆಗೆಯುವುದು. ಇಲ್ಲಿ ಅವಸರ ಮಾಡಿದರೆ ಅಷ್ಟೂ ದುಡಿತ ನೀರುಪಾಲು. ಗಾಡಿಯ ಮುಂಭಾಗ ಎತ್ತರಕ್ಕಿರುವಂತೆ ಏರುಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಸಣ್ಣ ಧಾರೆಯಲ್ಲಿ ತುಂಬಿ. ಏರ್ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಒಂದೇ ಧಾರೆ ಬರುವವರೆಗೆ ಸಡಿಲ ಬಿಟ್ಟು ಆಮೇಲೆ ಬಿಗಿಯಿರಿ. ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಿ ಐಡಲಿನಲ್ಲಿ ಬಿಡಿ; ಫ್ಯಾನಿಗೆ ತಾಗದಂತೆ ಕೈ ನೀಡಿ ಮೇಲಿನ ಹೋಸನ್ನು ಆಗಾಗ ಅದುಮಿ. ಗುಳ್ಳೆ ಏಳುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಉಕ್ಕುವ ಸೂಚನೆ ಕಂಡ ಕೂಡಲೇ ಮುಚ್ಚಳ ಹಾಕಿ. ಕೆಳಗಿನ ಹೋಸೂ ಬಿಸಿಯಾಗಿ, ಹೀಟರಿನಲ್ಲಿ ಬಿಸಿಗಾಳಿ ಬಂದರೆ ಸುತ್ತು ಸರಿಯಾಗಿದೆ ಎಂದರ್ಥ. ಮುಂದಿನ ಕೆಲವು ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮಟ್ಟ ನೋಡಿ. ಸ್ವಲ್ಪ ಇಳಿದರೆ ಸಹಜ. ದಿನಾ ಇಳಿಯುತ್ತಿದ್ದರೆ, ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಇಷ್ಟಾದ ಮೇಲೂ ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಚಾಲೂ ಮಾಡಿ, ಬದಿಗೆ ನಿಲ್ಲಿಸಿ. ಆವಿ, ಸೋರಿಕೆ ಇಲ್ಲವಾದರೆ ಐಡಲಿನಲ್ಲಿ ಇಳಿಯಲು ಬಿಡಿ. ಇದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಏರಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ತಣ್ಣಗಾಯಿತೆಂದು ಮುಂದೆ ಹೋಗಬೇಡಿ. ನೀರೆಲ್ಲ ಹೋಗಿ ಸೆನ್ಸರ್ ಬರಿ ಗಾಳಿಯಲ್ಲಿ ನಿಂತಾಗಲೂ ಮುಳ್ಳು ಹಾಗೇ ಬೀಳುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ.

3. ಆಯಿಲ್

ಹಳೇ ಗಾಡಿಗೆ 15ಡಬ್ಲ್ಯೂ-40 ದಪ್ಪದ, ಸಿಐ-4 ದರ್ಜೆಯದು ಸಾಮಾನ್ಯವಾಗಿ ನಡೆಯುತ್ತದೆ. ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಕೊನೆ. ಹೊಸ ಆಯಿಲ್ ವಾರದಲ್ಲಿ ಕಪ್ಪಾಯಿತೆಂದು ಗಾಬರಿ ಬೇಡ, ಡೀಸೆಲಿನ ಮಸಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಿ, ನೀರು ಸೇರಿದೆ. ಪುಸ್ತಕ 20,000 ಕಿಲೋಮೀಟರಿಗೆ ಎಂದರೂ ಸ್ವಾರ್‌ಗೇಟ್ ಟ್ರಾಫಿಕ್ಕಿನಲ್ಲಿ ದಿನಗಳೆಯುವ ಗಾಡಿಗೆ 10,000ಕ್ಕೇ ಬದಲಿಸಿ. ಆಯಿಲಿನಲ್ಲಿ ಉಳಿಸಿದ ದುಡ್ಡು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದಲ್ಲಿ ಹೋಗುತ್ತದೆ. ಅಂದಹಾಗೆ, ಘಾಟ್ ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲಿನಲ್ಲಿರಲಿ, ಟರ್ಬೋ ಆರಲಿ.

4. ಡೀಸೆಲ್ ಫಿಲ್ಟರ್

ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ) ಎಂಜಿನ್ನಿನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗುತ್ತದೆ. ಅಲ್ಲಿ ಒಂದು ಹನಿ ನೀರೂ ದುಬಾರಿ. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಪಾರದರ್ಶಕ ಬಾಟಲಿಗೆ ಸ್ವಲ್ಪ ಇಳಿಸಿ, ಐದು ನಿಮಿಷ ಬಿಡಿ; ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡಿ. ಫಿಲ್ಟರ್ ಬದಲಿಸುವಾಗ ಹೊಸದಕ್ಕೆ ಕ್ಯಾನಿನ ಡೀಸೆಲ್ ತುಂಬಿ ಕೂರಿಸುವ ಹಳೇ ಅಭ್ಯಾಸ ಬಿಡಿ. ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಖಾಲಿಯೇ ಕೂರಿಸಿ, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆಯಿರಿ. ಫಿಲ್ಟರಿನಲ್ಲಿ ಡೂಪ್ಲಿಕೇಟ್ ಬಹಳ, ಅರ್ಧ ರೇಟಿಗೆ ಕೊಡುವವನ ಹತ್ತಿರ ಕೊಳ್ಳಬೇಡಿ. ಟ್ಯಾಂಕನ್ನು ಯಾವಾಗಲೂ ರಿಸರ್ವಿಗೆ ತರುವ ಚಟವೂ ಒಳ್ಳೆಯದಲ್ಲ.

5. ಬ್ರೇಕು, ಇಳಿಜಾರು

ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯುವ ರಸ್ತೆಯಲ್ಲಿ ಎಷ್ಟು ಅಪಘಾತಗಳಾಗಿವೆ ಎಂದು ಪುಣೆಯವರಿಗೆ ಹೇಳಬೇಕಿಲ್ಲ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು, ಎಂಜಿನ್ನೇ ಬಂದ್ ಮಾಡುವುದು ಅಲ್ಲಿನ ದೊಡ್ಡ ಕಾರಣಗಳಲ್ಲಿ ಒಂದು. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ಬಲ ಒಂದೆರಡು ಒತ್ತಿಗೇ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಉಳಿತಾಯವಂತೂ ಇಲ್ಲವೇ ಇಲ್ಲ: ಕಾಮನ್ ರೈಲ್ ಗಾಡಿಯನ್ನು ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲಿನಲ್ಲಿ ಐಡಲಿಗೆ ಕುಡಿಯುತ್ತಲೇ ಇರುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

6. ಮಿಕ್ಕಿದ್ದು

ರೇಡಿಯೇಟರಿನ ಹೊರಗಿನ ಜಾಲರಿಗೆ ಕೂತ ಮಣ್ಣು, ಹುಳ ತಿಂಗಳಿಗೊಮ್ಮೆ ತೊಳೆಯಿರಿ; ಪ್ರೆಶರ್ ಗನ್ ಬೇಡ, ಫಿನ್ನು ಮಡಚುತ್ತವೆ. ಮೀನು, ಮಂಜುಗಡ್ಡೆ ಹೇರುವವರು ಉಪ್ಪುನೀರು ಚಾಸಿ ಮೇಲೆ ಒಣಗಲು ಬಿಡಬೇಡಿ. ಎಂಟು ವರ್ಷ ದಾಟಿದ ಗಾಡಿಗೆ ಪಾಸಿಂಗ್ (ಫಿಟ್‌ನೆಸ್ ತಪಾಸಣೆ) ಪ್ರತಿ ವರ್ಷ, ತಾರೀಖು ಬರೆದಿಡಿ.

ಏಪ್ರಿಲ್ 1, 2020ರ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ ಕೊಂಡವರಿಗೆ ಒಂದು ಕೆಲಸ ಹೆಚ್ಚು. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದ್ದರೆ, ಹಿಡಿದ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಮಾರ್ಕೆಟ್ ಯಾರ್ಡಿನಿಂದ ಕೋಥರೂಡಿಗೆ ನಿಂತು ನಿಂತು ಹೋಗುವ ಗಾಡಿಯಲ್ಲಿ ಅಷ್ಟು ಬಿಸಿ ಏಳುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ ಅದೇ ದಿನ ಹೈವೇಗೆ ಒಯ್ದು, ಒಂದು ಗೇರ್ ಕಡಿಮೆಯಲ್ಲಿ ಅರ್ಧ ಗಂಟೆ ಎಡೆಬಿಡದೆ ಓಡಿಸಿ. ಇಂಥ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲನ್ನೇ, ಪುಸ್ತಕದಲ್ಲಿ ಹೇಳಿದ ದರ್ಜೆಯಲ್ಲಿ ಹಾಕಬೇಕು. ಡಿಪಿಎಫ್ ಕಿತ್ತು ಪೊಳ್ಳು ಪೈಪು ಬೆಸೆದುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಪಾಸಿಂಗ್ ಹೊತ್ತಿಗೆ ಮತ್ತೆ ಹೊಸದು ಕೊಳ್ಳಬೇಕಾದೀತು, ಹಳೇದನ್ನು ಅವರು ವಾಪಸ್ ಕೊಡುವುದಿಲ್ಲ.