ಆರು ಜನರ ಮನೆಗೆ ಹಗುರ ಟ್ರೈಲರ್ ಆರಿಸಿದ ಬಗೆ

ಧಾರವಾಡದ ನಮ್ಮ ಮನೆಯಲ್ಲಿ ಆರು ಜನರಿದ್ದೇವೆ: ನಾನು, ನನ್ನ ಹೆಂಡತಿ, ಅವ್ವ, ಮತ್ತು 11, 7 ಹಾಗೂ 2 ವರ್ಷದ ಮೂವರು ಮಕ್ಕಳು. ಮೂರನೆಯ ಮಗು ಹುಟ್ಟಿದ ಮೇಲೆ ಎಲ್ಲಿಗೆ ಹೋದರೂ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿಯಬೇಕಾಯಿತು. ಕೂಸಿಗೆ ಹೊತ್ತಿಗೆ ಸರಿಯಾಗಿ ಮೆತ್ತನ್ನ ಅನ್ನ ಸಿಗುವುದು, ಮೊಣಕಾಲು ನೋವಿನ ಅವ್ವನಿಗೆ ಮೆಟ್ಟಿಲಿಲ್ಲದ ಕೋಣೆ ಸಿಗುವುದು ಎರಡೂ ಕಷ್ಟವಾದವು. ಆದ್ದರಿಂದ ನಮ್ಮ ಏಳು ಸೀಟಿನ ಡೀಸೆಲ್ ಕಾರಿನ ಹಿಂದೆ ಕಟ್ಟಿ ಎಳೆಯಬಹುದಾದ, ಮಲಗಲು ಮತ್ತು ಅಡುಗೆಗೆ ಅನುಕೂಲವಿರುವ ಟ್ರೈಲರ್ ಕೊಳ್ಳುವುದೆಂದು ನಿಶ್ಚಯಿಸಿದೆವು. ಆಯ್ಕೆಗೆ ಎಂಟು ತಿಂಗಳು ಹಿಡಿಯಿತು, ಅದರಲ್ಲಿ ಹೆಚ್ಚಿನ ಕಾಲ ತೂಕದ ಲೆಕ್ಕಕ್ಕೇ ಹೋಯಿತು. ಹಾಗೆ ಹೋದದ್ದು ಸರಿಯೆಂದೇ ನಾನು ಈಗಲೂ ನಂಬಿದ್ದೇನೆ.

ಮೊದಲು ತೆಗೆದು ನೋಡಿದ್ದು ಕಾರಿನ ಕೈಪಿಡಿಯನ್ನು. ಬ್ರೇಕ್ ಇರುವ ಟ್ರೈಲರ್ ಆದರೆ 1,500 ಕೆ.ಜಿ., ಇಲ್ಲದ್ದಾದರೆ 750 ಕೆ.ಜಿ. ಎಳೆಯಬಹುದೆಂದು ಅದರಲ್ಲಿತ್ತು. ಎಳೆಯುವ ಮಿತಿಯ ಜೊತೆಗೆ ಹೊರುವ ಮಿತಿಯೂ ಒಂದಿದೆ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ನಮ್ಮ ಕಾರು ಜನ, ಸಾಮಾನು ಸೇರಿ 550 ಕೆ.ಜಿ. ಮಾತ್ರ ಹೊರಬಲ್ಲದು, ಮತ್ತು ಟ್ರೈಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಹಾಕುವ ಭಾರವೂ ಆ ಲೆಕ್ಕದೊಳಗೇ ಬರುತ್ತದೆ. ಆ ಹೊತ್ತಿಗೆ ನಾವು ಆರು ಜನ ಸೇರಿ 259 ಕೆ.ಜಿ. ಇದ್ದೆವು. ಮಕ್ಕಳು ಬೆಳೆಯುವುದನ್ನು ಅಂದಾಜಿಸಿ ಐದು ವರ್ಷಕ್ಕೆ ಇನ್ನೂ ಐವತ್ತು-ಅರವತ್ತು ಕೆ.ಜಿ. ಕೂಡಿಸಿದೆ. ಬೆಳೆಯುವ ಸಂಸಾರಕ್ಕೆ ದೊಡ್ಡ ಟ್ರೈಲರ್ ಬೇಕೆಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಸಂಸಾರ ಬೆಳೆದಂತೆ ಕಾರಿನಲ್ಲಿ ಉಳಿಯುವ ಭಾರ ಕಡಿಮೆಯಾಗುವುದರಿಂದ ಟ್ರೈಲರ್ ಹಗುರವಾಗಬೇಕೆಂಬುದು ಈ ಕೂಡುವಿಕೆಯಿಂದ ತಿಳಿಯಿತು.

ನಾವು ಮೊದಲು ಮೆಚ್ಚಿದ್ದು ಒಂದು ದೊಡ್ಡ ಟ್ರೈಲರನ್ನು. ಅದರ ತೂಕ 1,050 ಕೆ.ಜಿ. ಎಂದು ಮಾರುವವರು ಹೇಳಿದರು. ಮುಂಗಡ ಕೊಡುವ ಮೊದಲು ಕಾಟಾ ಮಾಡಿಸಬೇಕೆಂದು ನಾನು ಹಟ ಹಿಡಿದು ಅದನ್ನು ಹುಬ್ಬಳ್ಳಿಯ ಅಮರಗೋಳದ ಕಡೆಯ ಒಂದು ವೇಬ್ರಿಜ್‌ಗೆ ಒಯ್ಯಿಸಿದೆ. ಹತ್ತಿ, ಮೆಣಸಿನಕಾಯಿ ಹೇರಿದ ಲಾರಿಗಳ ನಡುವೆ ನಮ್ಮ ಸರದಿ ಬಂದಾಗ ಟ್ರೈಲರನ್ನು ಕೊಕ್ಕೆಯಿಂದ ಬಿಡಿಸಿ ಒಂಟಿಯಾಗಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದೆವು. ಕಾಟಾದವರು ಚೀಟಿ ಹರಿದು ಕೈಗಿಡುತ್ತ, "ಖಾಲಿ ಐತಿ ಅಂದ್ರಲ್ರೀ ಸಾಹೇಬ್ರ, ಹನ್ನೆರಡ ಕ್ವಿಂಟಲ್ ಮ್ಯಾಲ ಐತಿ" ಎಂದರು. ಚೀಟಿಯಲ್ಲಿ 1,230 ಎಂದಿತ್ತು. ಏರ್ ಕಂಡೀಷನರ್, ಬ್ಯಾಟರಿ, ನೀರಿನ ಟ್ಯಾಂಕು, ನೆರಳಿನ ಚಪ್ಪರ ಇವು ಯಾವುವನ್ನೂ ಹೇಳಿದ ತೂಕದಲ್ಲಿ ಸೇರಿಸಿರಲಿಲ್ಲ. ನಮ್ಮ ಸಾಮಾನು ಹಾಕಿದರೆ ಅದು ಕಾರಿನ ಮಿತಿಯನ್ನೇ ಮುಟ್ಟುತ್ತಿತ್ತು. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಬೇಕೆಂಬ ಆಸೆಯಿದ್ದವನು ಅಂಥದ್ದನ್ನು ಕಟ್ಟಿಕೊಳ್ಳುವುದು ತಪ್ಪು ಎನ್ನಿಸಿ ಅದನ್ನು ಕೈಬಿಟ್ಟೆ.

ಎರಡನೆಯದು 450 ಕೆ.ಜಿ.ಯ ಪುಟ್ಟ ಟ್ರೈಲರ್, ಆದರೆ ಅದರಲ್ಲಿ ಇಬ್ಬರಿಗಷ್ಟೇ ಜಾಗ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಒಬ್ಬ ಫ್ಯಾಬ್ರಿಕೇಟರ್ ಕಡಿಮೆ ಹಣಕ್ಕೆ ಮಾಡಿಕೊಡುತ್ತೇನೆಂದರು, ಅವರ ವೆಲ್ಡಿಂಗ್ ಕೆಲಸವೂ ಅಚ್ಚುಕಟ್ಟಾಗಿತ್ತು. ಆದರೆ ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಟ್ರೈಲರ್ ಕೂಡ ಒಂದು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಅದಕ್ಕೆ ಬೇಕಾದ ಮಂಜೂರಾತಿಯ ಕಾಗದಗಳು ಅವರ ಬಳಿ ಇರಲಿಲ್ಲ.

ಕೊನೆಗೆ ಕೊಂಡದ್ದು ಎರಡು ಚಕ್ರಗಳನ್ನು ಜೋಡಿಸುವ ಅಚ್ಚು (ಆಕ್ಸಲ್) ಒಂದೇ ಇರುವ ಟ್ರೈಲರನ್ನು. ನಡುವೆ ಫೋಮ್ ತುಂಬಿದ ಫೈಬರ್ ಹಾಳೆಯ ಗೋಡೆಗಳ ಈ ಗಾಡಿ ಕಾಟಾದ ಮೇಲೆ ಖಾಲಿ 750 ಕೆ.ಜಿ. ತೂಗಿತು, ಹೇರಿದ ಮೇಲಿನ ಗರಿಷ್ಠ ಮಿತಿ 1,150 ಕೆ.ಜಿ. ಕಾರು ನಿಧಾನವಾದಾಗ ತಾನು ಮುಂದಕ್ಕೆ ಒತ್ತುವ ಬಲದಿಂದಲೇ ಬೀಳುವ ಬ್ರೇಕ್ ಅದಕ್ಕಿದೆ. ಏರ್ ಕಂಡೀಷನರ್ ಬೇಡವೆಂದು ಎದುರುಬದುರು ಕಿಟಕಿಗಳನ್ನು, ಮೇಲೆ ಗಾಳಿಗಿಂಡಿಯನ್ನು ಆರಿಸಿಕೊಂಡೆವು. ಹಾಸಿಗೆಗಳನ್ನು ಕಣ್ಣಳತೆಯಲ್ಲಿ ಒಪ್ಪದೆ ಮೂವರು ಮಕ್ಕಳನ್ನೂ ಮಲಗಿಸಿ ಟೇಪು ಹಿಡಿದೆ. ಮೇಲಿನ ಬಂಕು ಐದು ಅಡಿ ಎಂಟು ಇಂಚು, ದೊಡ್ಡ ಮಗ ನಾಲ್ಕು ಅಡಿ ಏಳು ಇಂಚು. ಇನ್ನು ಐದಾರು ವರ್ಷ ಅವನಿಗೆ ಅದು ಸಾಕು. ಅವ್ವ ಮಾತ್ರ ಬಾಗಿಲ ಎದುರು ನಿಂತು, "ಇಷ್ಟ ಎತ್ತರ ನಾ ಹೆಂಗ ಹತ್ತಲೋ ತಮ್ಮಾ?" ಎಂದು ಕೇಳಿದಳು. ನೆಲದಿಂದ ಮೊದಲ ಮೆಟ್ಟಿಲು ಹದಿನೆಂಟು ಇಂಚು ಎತ್ತರದಲ್ಲಿತ್ತು. ನಡುವೆ ಇಡಲು ಅಗಲವಾದ ಮರದ ಮಣೆಯನ್ನೂ, ಕೈ ಆಸರೆಗೆ ಉಕ್ಕಿನ ಹಿಡಿಯನ್ನೂ ಮಾಡಿಸಿದ ಮೇಲೆಯೇ ಹಣ ಪೂರ್ತಿ ಕೊಟ್ಟೆ.

ಒಳಗೆ ಹೋಗುವ ಪ್ರತಿಯೊಂದನ್ನೂ ಕೊಕ್ಕೆಯ ತೂಕದ ಯಂತ್ರಕ್ಕೆ ನೇತುಹಾಕಿ ಹೆಂಡತಿ ವಹಿಯಲ್ಲಿ ಬರೆದುಕೊಂಡಳು. ಜೋಳದ ಹಿಟ್ಟು, ರೊಟ್ಟಿ ಹಂಚು, ಪಾತ್ರೆ ಸೇರಿ ಐವತ್ತು, ಹಾಸಿಗೆ ಹೊದಿಕೆ ನಲವತ್ತೈದು. ಲೀಟರಿಗೆ ಒಂದು ಕೆ.ಜಿ.ಯಂತೆ 60 ಲೀಟರ್ ನೀರೇ ಎಲ್ಲಕ್ಕಿಂತ ಭಾರ. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿ ಐವತ್ತು ಕೆ.ಜಿ.ಗೂ ಮೀರಿ ತೂಗಿದ್ದರಿಂದ ಅದನ್ನು ಬಿಟ್ಟು 12 ಕೆ.ಜಿ.ಯ ಲಿಥಿಯಂ ಬ್ಯಾಟರಿ ಹಾಕಿಸಿದೆ. ಎಲ್ಲ ಸೇರಿ 270 ಆಯಿತು, ಹೇರಿದ ಗಾಡಿ 1,020 ಕೆ.ಜಿ. ತೂಗಿತು.

ಇಷ್ಟೆಲ್ಲ ತೂಗಿದರೂ ಭಾರ ಎಲ್ಲಿ ಕೂಡಬೇಕೆಂಬುದನ್ನು ನಾನು ಯೋಚಿಸಿರಲಿಲ್ಲ. ಹೆಂಡತಿಯ ತವರಾದ ಹಾವೇರಿಗೆ ಮೊದಲ ಸಲ ಹೊರಟಾಗ, ಶಿಗ್ಗಾವಿ ದಾಟಿ ಬಂಕಾಪುರದ ಕಡೆಗೆ ಗಂಟೆಗೆ 75 ಕಿ.ಮೀ. ವೇಗದಲ್ಲಿದ್ದೆವು. ಒಂದು ಲಾರಿ ಪಕ್ಕದಲ್ಲಿ ಹಾದುಹೋದ ಗಾಳಿಗೆ ಟ್ರೈಲರಿನ ಹಿಂಬದಿ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಸ್ಟೀರಿಂಗ್ ನೇರ ಹಿಡಿದು, ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೆ. ವೇಗ 50ಕ್ಕೆ ಇಳಿದಾಗ ಅದು ನಿಂತಿತು. ಹಿಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ. ಹಾವೇರಿಯಲ್ಲಿ ಮಾವನವರು ಟ್ರೈಲರಿನ ಸುತ್ತ ಒಂದು ಸುತ್ತು ಬಂದು, ಹಿಂಬದಿಯ ಡಿಕ್ಕಿ ತೆರೆಸಿ ನೋಡಿ, "ಚಕ್ಕಡಿ ಹೇರೂ ಮುಂದ ಹಿಂದ ಭಾರ ಹಾಕಿದ್ರ ನೊಗ ಮ್ಯಾಲೆ ಏಳತೈತ್ರಿ, ಎತ್ತಿಗೆ ಹಿಡಿತ ಸಿಗೂದಿಲ್ಲ. ಮುಂದ ಸ್ವಲ್ಪ ಭಾರ ಇರಬೇಕು" ಎಂದರು. ಸಮತಟ್ಟಾದ ಅಂಗಳದಲ್ಲಿ ಬಾತ್‌ರೂಮ್ ತೂಕದ ಯಂತ್ರವಿಟ್ಟು, ಅದರ ಮೇಲೆ ಕೊಕ್ಕೆಯ ಎತ್ತರಕ್ಕೆ ಸರಿಯಾದ ಮರದ ತುಂಡು ನಿಲ್ಲಿಸಿ ಮೂತಿಯನ್ನು ಇಳಿಸಿದೆವು. ಬರೀ 55 ಕೆ.ಜಿ. ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಮೂತಿಯ ಮೇಲಿರಬೇಕೆಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಡಿಕ್ಕಿಯ ಸಾಮಾನನ್ನು ಅಚ್ಚಿನ ಮುಂದಕ್ಕೆ ತಂದು, ಹಿಂದಿದ್ದ ನೀರಿನ ಟ್ಯಾಂಕನ್ನು ಬಂಕಿನ ಕೆಳಗೆ ಸರಿಸಿದ ಮೇಲೆ ಅದು 105ಕ್ಕೆ ಬಂತು. ಮರಳುವಾಗ ಅದೇ ರಸ್ತೆಯಲ್ಲಿ, ಅಂಥವೇ ಲಾರಿಗಳ ನಡುವೆ ಟ್ರೈಲರ್ ಗೆರೆ ಹೊಡೆದಂತೆ ಬಂತು. ಕಾರು ಓಡುವಾಗ ಟ್ರೈಲರಿನಲ್ಲಿ ಯಾರೂ ಕೂರಕೂಡದೆಂಬ ನಿಯಮವನ್ನು ಮಕ್ಕಳು ಅಂದಿನಿಂದ ಪ್ರಶ್ನಿಸಿಲ್ಲ.

ಹಗುರದ ಇನ್ನೊಂದು ಉಪಯೋಗ ನಮ್ಮ ಸೀಮೆಯ ನೆಲದಲ್ಲಿ ಕಂಡಿತು. ನವೆಂಬರಿನಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಕ್ಕಳಿಗೆ ತೋರಿಸಲೆಂದು ಲಕ್ಷ್ಮೇಶ್ವರದ ಹತ್ತಿರ ಸಂಬಂಧಿಕರ ಹೊಲದಲ್ಲಿ ಇಳಿದುಕೊಂಡಿದ್ದೆವು. ಎರಡನೆಯ ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಎರೆಮಣ್ಣಿನಲ್ಲಿ ಮುಂದಿನ ಜಾಕಿನ ಕಾಲು ಗೇಣುದ್ದ ಇಳಿದಿತ್ತು, ಚಕ್ರಗಳಿಗೆ ಅಂಟಿನಂಥ ಮಣ್ಣು ಮೆತ್ತಿತ್ತು. ನೀರಿನ ಟ್ಯಾಂಕನ್ನು ಪೂರ್ತಿ ಬಸಿದು, ಸಾಮಾನನ್ನು ಇಳಿಸಿ, ಚಕ್ರದ ಕೆಳಗೆ ಹಲಗೆ ಕೊಟ್ಟು ಐದು ಜನ ಕೈಯಿಂದಲೇ ದೂಡಿ ಡಾಂಬರಿಗೆ ತಂದೆವು. ಕಾಟಾದಲ್ಲಿ 1,230 ತೋರಿದ ಆ ಮೊದಲಿನ ಗಾಡಿಯಾಗಿದ್ದರೆ ನೆಲ ಆರುವ ತನಕ, ಇಲ್ಲವೇ ಟ್ರ್ಯಾಕ್ಟರ್ ಬರುವ ತನಕ ಅಲ್ಲೇ ಇರಬೇಕಾಗುತ್ತಿತ್ತು. ಆ ಹಲಗೆಗಳೆರಡೂ ಈಗ ವಹಿಯಲ್ಲಿ ಸೇರಿವೆ: ಒಟ್ಟು 9 ಕೆ.ಜಿ., ಅಚ್ಚಿನ ಮುಂದೆ, ಎಡಗಡೆ.