ಅಪ್ಪನ ಅಂಗಿ, ಅಜ್ಜಿಯ ಸೀರೆ, ಅಟ್ಟದ ಚಂದ್ರಿಕೆ: ನನ್ನ ಫ್ಯಾಷನ್ ಫೋಟೋ ಹುಚ್ಚು

ಫ್ಯಾಷನ್ ಫೋಟೋ ತೆಗೆಯುವ ಹುಚ್ಚು ಹತ್ತಿದಾಗ ನಮ್ಮ ಜಿಲ್ಲೆಯವರು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನಂದಿ ಬೆಟ್ಟಕ್ಕೆ ಹೋದೆ. ಚಿಕ್ಕಮ್ಮನ ಮಗಳು ಮಾಡೆಲ್, ಅವಳ ಮೈಮೇಲೆ ಕೆನೆ ಬಣ್ಣದ ಆರ್ಗೆಂಜಾ ಸೀರೆ, ನನ್ನ ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. 1478 ಮೀಟರ್ ಎತ್ತರ, ಬೆಳಗಿನ ಮಂಜು, ಇನ್ನೇನು ಬೇಕು ಅಂದುಕೊಂಡಿದ್ದೆ. ಆರ್ಗೆಂಜಾ ಗರಿಗರಿಯಾಗಿ ನಿಂತರೇ ಚೆಂದ, ಅದು ಮಂಜಿನ ತೇವಕ್ಕೆ ನೆನೆದ ಹಪ್ಪಳದ ಹಾಗೆ ಜೋತುಬಿತ್ತು. ಹಿಂದೆ ಬಿಳಿ ಆಕಾಶ, ಮುಂದೆ ಬಿಳಿ ಸೀರೆ, ಮಧ್ಯದಲ್ಲಿ ಕಪ್ಪಾದ ಮುಖ. ಸೇಫ್ಟಿ ಪಿನ್ನಿನ ಡಬ್ಬಿಯನ್ನು ಕೋತಿ ಎತ್ತಿಕೊಂಡು ಹೋಯಿತು. ಮುನ್ನೂರು ಫೋಟೋ ತೆಗೆದಿದ್ದೆ, ಮನೆಗೆ ಬಂದು ಅಮ್ಮನಿಗೆ ತೋರಿಸಿದೆ.

ಅಮ್ಮ ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ. ಒಂದೊಂದೇ ನೋಡಿ, "ಹುಡುಗಿ ಇದ್ದಾಳೆ, ಬೆಟ್ಟ ಇದೆ. ಬಟ್ಟೆ ಎಲ್ಲಮ್ಮಾ?" ಅಂದರು.

ಸಿಟ್ಟು ಬಂತು. ಆದರೆ ನಿಜ ಅಲ್ವಾ? ಬಟ್ಟೆ ಇಷ್ಟ ಅಂತಲೇ ಕ್ಯಾಮೆರಾ ತಗೊಂಡವಳು ನಾನು. ಬೆಂಗಳೂರಿನ ಒಂದು ಮದುವೆಯಲ್ಲಿ ನೆಂಟರ ಹುಡುಗಿಯ ಡಿಸೈನರ್ ಲೆಹೆಂಗಾ ಮಂಚದ ಮೇಲೆ ಹರಡಿತ್ತು. ಯಾರೂ ಇಲ್ಲದ ಹೊತ್ತಲ್ಲಿ ಅದನ್ನು ತಿರುಗಿಸಿ ಒಳಗೆ ನೋಡಿದ್ದೆ. ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಳಗಿನ ಹೊಲಿಗೆಗೆಲ್ಲ ಪಟ್ಟಿ ಕಟ್ಟಿದ್ದಾರೆ, ಒಂದೇ ಒಂದು ಎಳೆ ಹೊರಗೆ ಇಣುಕುವುದಿಲ್ಲ. ಸೊಂಟದ ಎರಡೂ ಕಡೆ ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟಿದ್ದಾರೆ, ನಾಳೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಅಂತ. ಲೆಹೆಂಗಾ ಉಬ್ಬಿ ನಿಲ್ಲಲಿ ಅಂತ ಒಳಗೆ ಹಾಕುವ ಗಟ್ಟಿ ನೆಟ್, ಅಂದರೆ ಕ್ಯಾನ್‌ಕ್ಯಾನ್, ಚರ್ಮಕ್ಕೆ ಚುಚ್ಚದ ಹಾಗೆ ಕೆಳಗೆ ಮೆತ್ತಗಿನ ಮಲ್ ಬಟ್ಟೆಯ ಲೈನಿಂಗ್. ದುಡ್ಡು ಹೊರಗಿನ ಕಸೂತಿಗೆ ಅಂತ ನಾವು ಅಂದುಕೊಂಡಿರುತ್ತೇವೆ, ಈ ಕಾಣದ ಕೆಲಸಕ್ಕೂ ದುಡ್ಡು ಹೋಗಿರುತ್ತದೆ. ಬಟ್ಟೆಯನ್ನು ಇಷ್ಟು ಹತ್ತಿರದಿಂದ ನೋಡಿದವಳು ಫೋಟೋ ತೆಗೆಯುವಾಗ ಮಾತ್ರ ಬೆಟ್ಟ ನೋಡುತ್ತಾ ನಿಂತಿದ್ದೆ.

ಅಲ್ಲಿಂದ ಜಾಗ ಹುಡುಕುವುದು ಬಿಟ್ಟೆ. ಊರಲ್ಲೇ, ಮನೆಯಲ್ಲೇ ಶುರು ಮಾಡಿದೆ.

ಶಿಡ್ಲಘಟ್ಟ ಅಂದರೆ ರೇಷ್ಮೆ ಗೂಡಿನ ಊರು. ಗೂಡು ಬೇಯಿಸುವ ವಾಸನೆ ನಮಗೆ ಮೂಗಿಗೆ ಹತ್ತುವುದೇ ಇಲ್ಲ. ಅಷ್ಟಿದ್ದೂ ರೇಷ್ಮೆ ಯಾಕೆ ಹೊಳೆಯುತ್ತದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ಹೆಚ್ಚುಕಡಿಮೆ ಮೂರು ಮೂಲೆಯ ಆಕಾರ, ಗಾಜಿನ ಪಟ್ಟಕದ ಹಾಗೆ ಬೆಳಕು ಚಿಮ್ಮಿಸುತ್ತದೆ. ಆ ಎಳೆಗೆ ಮೊದಲು ಅಂಟು ಮೆತ್ತಿಕೊಂಡಿರುತ್ತದೆ, ಸೋಪಿನ ನೀರಲ್ಲಿ ಕುದಿಸಿ ತೆಗೆದರೇ ಮೆತ್ತಗೆ, ನುಣುಪು. ರೇಷ್ಮೆ ಆರ್ಗೆಂಜಾದಲ್ಲಿ ಆ ಅಂಟು ಹಾಗೇ ಇರುತ್ತದೆ, ಅದಕ್ಕೇ ಗರಿಗರಿ. ನಮ್ಮ ಮೈಸೂರು ಸಿಲ್ಕ್ ಕ್ರೇಪ್, ನೂಲನ್ನು ಜಾಸ್ತಿ ಹುರಿ ಮಾಡಿ ನೇಯ್ದಿದ್ದು, ನೀರಿನ ಹಾಗೆ ಇಳಿಯುತ್ತದೆ. ಅದನ್ನು ಉಟ್ಟವರನ್ನು ನಿಲ್ಲಿಸಿ ಫೋಟೋ ತೆಗೆದರೆ ಸಪ್ಪೆ, ನಡೆಸಬೇಕು. ಕಂಚಿ ಸೀರೆ ಉಟ್ಟವರನ್ನು ಕೂರಿಸಿದರೆ ನೆರಿಗೆ ತಾನೇ ಶಿಲ್ಪದ ಹಾಗೆ ನಿಲ್ಲುತ್ತದೆ.

ಅಜ್ಜಿಯದೊಂದು ಸೀರೆ ಇದೆ. ಹಾಸು, ಅಂದರೆ ಉದ್ದದ ಎಳೆ, ಗುಲಾಬಿ; ಹೊಕ್ಕು, ಅಡ್ಡದ ಎಳೆ, ಕಡುನೀಲಿ. ಎದುರಿಂದ ನೋಡಿದರೆ ನೇರಳೆ, ನೆರಿಗೆ ತಿರುಗಿದ ಕಡೆ ಗುಲಾಬಿ ಮಿಂಚುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಹೊಡೆದೆ, ಬದನೆಕಾಯಿ ಬಣ್ಣದ ಒಂದು ಮುದ್ದೆ ಬಂತು. ಎದುರಿನ ಬೆಳಕು ನೆರಿಗೆಯ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ನಮ್ಮ ಪಡಸಾಲೆಯ ಬಾಗಿಲು ಉತ್ತರಕ್ಕಿದೆ, ನೇರ ಬಿಸಿಲು ಬೀಳುವುದು ಕಡಿಮೆ. ತಂಗಿಯನ್ನು ಬಾಗಿಲಿಗೆ ಪಕ್ಕ ಕೊಟ್ಟು ನಿಲ್ಲಿಸಿ, ಬೆಳಕು ತಿರುಗಿ ಬೀಳಲಿ ಅಂತ ಆಚೆ ಬದಿಗೆ ಟಿವಿ ಡಬ್ಬದ ಥರ್ಮೋಕೋಲ್ ಇಟ್ಟೆ, ಅಷ್ಟೇ. ಬಣ್ಣ ಎರಡೂ ಬಂದವು. ಉತ್ತರದ ಬೆಳಕಿಗೆ ಹಳೇ ಚಿತ್ರಕಾರರು ಯಾಕೆ ಪ್ರಾಣ ಬಿಡುತ್ತಿದ್ದರು ಅಂತ ಆವತ್ತು ಗೊತ್ತಾಯಿತು.

ನನಗೆ ಇರ್ವಿಂಗ್ ಪೆನ್ ಅಂದರೆ ತುಂಬಾ ಇಷ್ಟ, ಅಮೆರಿಕದ ವೋಗ್ ಪತ್ರಿಕೆಗೆ ದಶಕಗಟ್ಟಲೆ ಫೋಟೋ ತೆಗೆದವರು. 1948ರಲ್ಲಿ ಪೆರು ದೇಶದ ಕುಸ್ಕೋ ಊರಿಗೆ ಹೋದವರು ಅಲ್ಲಿನ ಒಬ್ಬ ಫೋಟೋಗ್ರಾಫರ್‌ನ ಸ್ಟುಡಿಯೋವನ್ನೇ ಬಾಡಿಗೆಗೆ ಹಿಡಿದು ಬೆಟ್ಟದ ಜನರ ಫೋಟೋ ತೆಗೆದರು. ಪ್ಯಾರಿಸ್‌ನಲ್ಲಿ 1950ರಲ್ಲಿ ದೊಡ್ಡ ದೊಡ್ಡ ಡಿಸೈನರ್‌ಗಳ ಬಟ್ಟೆಗೆ ಹಿಂದೆ ಕಟ್ಟಿದ್ದು ನಾಟಕದ ಒಂದು ಹಳೇ ಪರದೆ. ಅದನ್ನು ಓದಿದ ಮೇಲೆ ನಾನೂ ಮನೆಯೊಳಗೆ ಹಿಂಬದಿ ಹುಡುಕತೊಡಗಿದೆ. ಗೋಡೆ ಆಗುವುದಿಲ್ಲ. ನಮ್ಮದು ಗಿಣಿಹಸಿರು, ಅದರ ಪಕ್ಕ ನಿಂತವರ ಕೆನ್ನೆಗೆಲ್ಲ ಹಸಿರು ಹತ್ತಿ ಕಾಮಾಲೆ ಬಂದವರ ಹಾಗೆ ಕಾಣುತ್ತಾರೆ.

ಸಿಕ್ಕಿದ್ದು ಅಟ್ಟದಲ್ಲಿ, ಹಳೇ ಚಂದ್ರಿಕೆ. ಹುಳ ಸಾಕಿದವರಿಗೆ ಗೊತ್ತು, ಹಣ್ಣಾದ ಹುಳ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ, ಚಂದ್ರಿಕೆಗಳನ್ನು ಕೇಳುವವರು ಕಡಿಮೆ. ಆಳೆತ್ತರದ್ದು, ಧೂಳು ಕೊಡವಿ ಗೋಡೆಗೆ ನಿಲ್ಲಿಸಿದೆ. ಬಿದಿರು ಹೊಗೆಗೆ ಜೇನುಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಗೂಡಿನ ಬಿಳಿ ಜುಂಗು ಇನ್ನೂ ಅಂಟಿಕೊಂಡಿದೆ. ಪಕ್ಕದ ಬೆಳಕು ಬಿದ್ದಾಗ ಒಂದೊಂದು ಸುರುಳಿಗೂ ನೆರಳು. ಸಾವಿರ ರೂಪಾಯಿ ಕೊಟ್ಟರೂ ಇಂಥ ಬ್ಯಾಕ್‌ಡ್ರಾಪ್ ಸಿಗುವುದಿಲ್ಲ.

ಸ್ಟೈಲಿಂಗ್ ವಿಷಯಕ್ಕೆ ಬಂದರೆ, ಎಷ್ಟೋ ದಿನ ಇನ್‌ಸ್ಟಾಗ್ರಾಮ್ ನೋಡಿ ನಕಲು ಮಾಡಿದೆ. ಒಂದು ದಿನ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಹೆಂಗಸರು ಕಂಡರು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ಸೆರಗು ಸೊಂಟಕ್ಕೆ ಬಿಗಿದು, ತಲೆಗೆ ಟವೆಲ್. ದಿನಾ ನೋಡಿದ್ದೇ. ಆವತ್ತು ಮಾತ್ರ ಕಣ್ಣಿಗೆ ಬಿತ್ತು: ತಿಳಿನೀಲಿ ಚೌಕಳಿ ಅಂಗಿಯ ಕೆಳಗೆ ಕಿತ್ತಳೆ ಸೀರೆ, ತೋಳು ಮೊಣಕೈವರೆಗೆ ಎರಡು ಮಡಿಕೆ. ಎಷ್ಟು ಸರಿಯಾಗಿದೆ! ಎಲೆ ಕೆರೆಯದಿರಲಿ, ಬಿಸಿಲು ತಾಗದಿರಲಿ ಅಂತ ಹಾಕಿದ್ದು. ಇದನ್ನೇ ದೊಡ್ಡ ಶೋಗಳಲ್ಲಿ ಲೇಯರಿಂಗ್ ಅಂತಾರೆ.

ಅಪ್ಪನ ಬಿಳಿ ಅಂಗಿ ತಂದೆ. ತಂಗಿಗೆ ಅಜ್ಜಿಯ ಸೀರೆ ಉಡಿಸಿ, ಮೇಲೆ ಅಂಗಿ ಹಾಕಿ, ಹಿಂದೆ ಬೆನ್ನಿಗೆ ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ ಹಾಕಿ ಮೈಗೆ ಸರಿಮಾಡಿದೆ. ಹಳೇ ರೇಷ್ಮೆಗೆ ಪಿನ್ನು ಚುಚ್ಚಬೇಡಿ, ತೂತು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಕ್ಲಿಪ್ಪಿಗೂ ಒಳಗೆ ಹತ್ತಿ ಬಟ್ಟೆ ಇಟ್ಟಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ಇದೇನೇ, ರೇಷ್ಮೆ ಸೀರೆ ಉಟ್ಕೊಂಡು ಸೊಪ್ಪು ಕೊಯ್ಯೋಕೆ ಹೋಗ್ತಾಳಾ?" ಅಂತ ನಕ್ಕರು.

ಸೆಟ್ಟಿಂಗ್ ಕೇಳುವವರಿಗೆ: 50 ಎಂಎಂ ಲೆನ್ಸ್. ಮೊದಮೊದಲು ಲೆನ್ಸಿನ ಕಿಂಡಿ ಅಗಲ ತೆರೆದು ಎಫ್ 1.8ರಲ್ಲೇ ಹೊಡೆಯುತ್ತಿದ್ದೆ, ಕಣ್ಣು ಶಾರ್ಪ್, ಜರಿ ಮಸುಕು. ಬಟ್ಟೆ ಕಾಣಬೇಕಾದರೆ ಕಿಂಡಿ ಕಿರಿದು ಮಾಡಿ ಎಫ್ 5.6. ತಲೆಯಿಂದ ಕಾಲವರೆಗೆ ತೆಗೆಯುವಾಗ ಕ್ಯಾಮೆರಾ ಸೊಂಟದ ಎತ್ತರಕ್ಕಿರಲಿ, ನಿಂತು ಮೇಲಿಂದ ಹೊಡೆದರೆ ಕಾಲು ಗಿಡ್ಡ ಆಗುತ್ತವೆ. ಸೆರಗು ಹಾರಿಸುವುದಾದರೆ ಶಟರ್ ವೇಗ 1/500 ಸೆಕೆಂಡ್, ಅದೂ ಅಂಗಳದ ಬೆಳಕಲ್ಲಿ. ಇನ್ನೊಂದು, ನಾನು ತಡವಾಗಿ ಕಲಿತದ್ದು: ಕೆಂಪು, ಗುಲಾಬಿ ರೇಷ್ಮೆ ಕ್ಯಾಮೆರಾವನ್ನು ಮೋಸ ಮಾಡುತ್ತದೆ. ಒಟ್ಟು ಬೆಳಕು ಸರಿ ಇದೆ ಅಂತ ತೋರಿಸುತ್ತದೆ, ಒಳಗೆ ಕೆಂಪು ಚಾನೆಲ್ ಮಾತ್ರ ತುಂಬಿ ತುಳುಕಿರುತ್ತದೆ, ನೇಯ್ಗೆಯೇ ಮಾಯ. ಹಿಸ್ಟೋಗ್ರಾಮಿನಲ್ಲಿ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯಲ್ಲಿ, ಕೆಂಪನ್ನು ಬೇರೆಯಾಗಿ ನೋಡಿ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಫೈಲ್‌ನಲ್ಲೇ, ತೆಗೆಯಿರಿ.

ಆವತ್ತು ತೆಗೆದಿದ್ದು ಬರೀ ನಲವತ್ತು ಫೋಟೋ. ಅದರಲ್ಲೊಂದು, ತಂಗಿ ಚಂದ್ರಿಕೆಗೆ ಭುಜ ಕೊಟ್ಟು ತೋಳು ಮಡಚಿಕೊಳ್ಳುತ್ತಿರುವುದು. ತಲೆಯ ಹಿಂದೆ ಸರಿಯಾಗಿ ಸುರುಳಿಯ ನಡುಭಾಗ ಬಂದಿದೆ, ನೆರಿಗೆಯ ಏಣಿನಲ್ಲಿ ಗುಲಾಬಿ ಗೆರೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನ ಮಿಷನ್ನಿನ ಪಕ್ಕ ಇಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಅಂಗಿಯ ಕಫ್ ಮೇಲೆ ಬೆರಳಿಟ್ಟರು. ಗುಂಡಿಯ ಹತ್ತಿರ ಒಂದು ದಾರ ನೇತಾಡುತ್ತಿದೆ. "ಕತ್ತರಿ ಅಲ್ಲೇ ಇತ್ತಲ್ಲ" ಅಂದರು. ಭಾನುವಾರ ಮತ್ತೆ ತೆಗೆಯಬೇಕಂತೆ.